ಎಲ್ಲ ಸಾಲೂ ಹಸಿರು

ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ಬರುವವರು ಬರುತ್ತಾರೆ, ಬಂದವರನ್ನು ಬೇಡ ಅನ್ನುವ ಹಾಗಿಲ್ಲ. ಮನೆಯ ಸಂತನ ಹಬ್ಬದ ಈ ಕಟ್ಟಳೆಯನ್ನು ವೆಲಿಬೋರ್ ಲೆಕ್ಕ ಹಾಕಿಕೊಂಡೇ ಬಂದಿದ್ದಾನೆ ಎಂಬುದು ಬಾಗಿಲು ತೆರೆದ ಕೂಡಲೇ ವಿಶ್ನ್ಯಾಗೆ ಗೊತ್ತಾಯಿತು. ಕೈಯಲ್ಲಿ ವೈನ್ ಬಾಟಲಿ, ಅಂಗಡಿಯ ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ. ಕಂಕುಳಲ್ಲಿ ಲ್ಯಾಪ್‌ಟಾಪ್.

"ಹಬ್ಬದ ಶುಭಾಶಯ," ಎಂದ. "ಒಳಗೆ ಬಾ ಅನ್ನೋ ಪದ್ಧತಿ ಈ ಮನೇಲಿ ಇದೆಯೋ ಇಲ್ವೋ?"

"ಬನ್ನಿ."

ಆಫೀಸಿನಲ್ಲಿ ಅವಳು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದಳು. ಇವತ್ತಿನ ಬಹುವಚನ ಗೌರವಕ್ಕಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಅವರಿಬ್ಬರದು ಎಣ್ಣೆ-ಸೀಗೆಕಾಯಿ ಸಂಬಂಧ. ಜೆಮುನ್‌ನ ಸಣ್ಣ ಕಂಪನಿಯೊಂದರಲ್ಲಿ ಅವನು ಮುಖ್ಯ ಪ್ರೋಗ್ರಾಮರ್, ಅವಳು ಪರೀಕ್ಷಕಿ. ಕಂಪನಿ ಮಾಡಿದ್ದು 'ಮಾಸ್ತಿಲೊ' ಎಂಬ ದಿನಚರಿ ತಂತ್ರಾಂಶ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಆಜ್ಞೆ, ಅದರ ಮುಂದೆ ಬರಹ ಟೈಪ್ ಮಾಡಿದರೆ ತಾರೀಖಿನೊಡನೆ ಕಡತಕ್ಕೆ ಸೇರುತ್ತದೆ, ಪಾಸ್‌ವರ್ಡಿನ ಬೀಗದೊಳಗೆ ಭದ್ರವಾಗಿರುತ್ತದೆ. ಹೊಸ ಆವೃತ್ತಿ ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಹೊರಡಲು ಇಬ್ಬರ ಒಪ್ಪಿಗೆ ಬೇಕು. ಅವನದು ಬಿದ್ದಿತ್ತು, ಅವಳದು ಬಿದ್ದಿರಲಿಲ್ಲ.

ಕಾರಣ ಒಂದೇ. ಹೊಸ ಆವೃತ್ತಿ ತೆರೆದ ತಕ್ಷಣ ಎಲ್ಲರಿಗೂ ಪಾಸ್‌ವರ್ಡ್ ಬದಲಾಯಿಸಲು ಹೇಳುತ್ತದೆ. ಬದಲಾಯಿಸಿದರೆ ಹಳೆಯ ಬರಹಗಳೆಲ್ಲ ಅಳಿಸಿಹೋಗುತ್ತವೆ. ಅವಳ ಪರೀಕ್ಷೆ ಅದನ್ನು ಹಿಡಿದಿತ್ತು. "ದಿನಚರಿ ಬರೆಯೋರು ಅಷ್ಟೊಂದು ಏನು ಬರೀತಾರೆ? ಬೆಳಿಗ್ಗೆ ಕಾಫಿ ಕುಡಿದೆ, ಸಂಜೆ ಮಳೆ ಬಂತು," ಎಂದು ವೆಲಿಬೋರ್ ಎಲ್ಲರೆದುರು ನಕ್ಕಿದ್ದ. ಎರಡು ದಿನದ ಹಿಂದಿನ ಮಾತು.

ಒಳಗೆ ಸಂತನ ಚಿತ್ರದೆದುರು ಮೇಣದಬತ್ತಿ ಉರಿಯುತ್ತಿತ್ತು. ತಾಯಿ ಸವೇತಾ ಬೇಯಿಸಿ ಅರೆದ ಸಿಹಿಗೋಧಿಯ ಬಟ್ಟಲು ಮುಂದೆ ಹಿಡಿದಳು. ವೆಲಿಬೋರ್ ಶಿಲುಬೆ ಗುರುತು ಮಾಡಿ ಒಂದು ಚಮಚ ಬಾಯಿಗೆ ಹಾಕಿಕೊಂಡ. ಮೇಜಿನ ಸುತ್ತ ನೆರೆಯವರು ಸೂಪು ಮುಗಿಸಿ ಕೋಸಿನೆಲೆಯಲ್ಲಿ ಸುತ್ತಿದ ಖೀಮಾಕ್ಕೆ ಕೈಹಚ್ಚಿದ್ದರು. ಹುರಿದ ಹಂದಿಮಾಂಸ ಇನ್ನೂ ಒಲೆಯಲ್ಲಿತ್ತು. ಮೇಜಿನ ತಲೆಗಡೆ ಸ್ರೆತೆನ್ ಕುಳಿತಿದ್ದ. ವಿಶ್ನ್ಯಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡವನು ಅವನೇ. ಹಾಗಾಗಿ ಇಡೀ ಮನೆಗೆ ಅವನು 'ಕೂಮ', ರಕ್ತಸಂಬಂಧಿಗಿಂತ ಒಂದು ಕೈ ಮೇಲು. ಡಾನ್ಯೂಬಿನಲ್ಲಿ ಹಡಗು ನಡೆಸಿದವನು, ಈಗ ಕಣ್ಣು ಪೂರ್ತಿ ಹೋಗಿದೆ. ಚಿತ್ರವಿಲ್ಲದ ಮಾಸ್ತಿಲೊ ಅವನಿಗೆ ಹೇಳಿ ಮಾಡಿಸಿದಂತಿತ್ತು: ಅವನು ಟೈಪ್ ಮಾಡುತ್ತಾನೆ, ಕಂಪ್ಯೂಟರ್ ಓದಿ ಹೇಳುತ್ತದೆ. ಕಣ್ಣು ಹೋದಂದಿನಿಂದ ಇಲ್ಲಿಯವರೆಗಿನ ಅವನ ಬದುಕೆಲ್ಲ ಅದರಲ್ಲಿದೆ.

ಪಾಸ್‌ವರ್ಡ್ ಬದಲಾಯಿಸಬೇಡ ಎಂದು ಅವನೊಬ್ಬನನ್ನು ತಡೆಯಬಹುದಿತ್ತು. ಅವನಂತೆ ಬರೆಯುವ ಉಳಿದವರಿಗೆ ಹೇಳುವವರು ಯಾರು?

ವೆಲಿಬೋರ್ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದ. ಸ್ಲಾವಾದ ದಿನ ಮನೆಯ ಯಜಮಾನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ತಂದೆ ತೀರಿದ ಮೇಲೆ ಆ ನಿಲುವು ವಿಶ್ನ್ಯಾಳದಾಗಿತ್ತು.

"ನಿಂತೇ ನೋಡು, ಪರವಾಗಿಲ್ಲ," ಎಂದ. "ನಿನ್ನ ಕೆಂಪು ಸಾಲು ಹೋಯ್ತು. ಸರಿಮಾಡಿದ್ದೀನಿ. ಈಗ ಒಪ್ಪಿಗೆ ಹಾಕು, ನಾನೂ ಊಟ ಮಾಡ್ತೀನಿ."

"ಯಾವಾಗ ಸರಿಮಾಡಿದಿರಿ?"

"ನೀನು ಗೋಧಿ ಅರೀತಿದ್ದಾಗ."

ಮೇಜಿನ ಆಚೆಯಿಂದ ಸ್ರೆತೆನ್ ಕೇಳಿದ: "ಅದೇನಮ್ಮ, ನನ್ನ ಮಾಸ್ತಿಲೊ ವಿಷಯಾನಾ? ನಮಗೂ ಒಂಚೂರು ಓದಿ ಹೇಳು."

ಅವಳು ಓದಿದಳು. ಪರೀಕ್ಷೆಯನ್ನು ಮನೆಮಾತಿನಲ್ಲೇ ಬರೆಯುವುದು ಅವರ ಕೆಲಸದ ಕ್ರಮ, ಗಿರಾಕಿಗೂ ಅರ್ಥವಾಗಬೇಕು.

*ಇರುವುದು: ಬೀಗ ಹಾಕಿದ ದಿನಚರಿ, ಅದರಲ್ಲಿ ಮೂರು ಬರಹ.*
*ಮಾಡುವುದು: ಪಾಸ್‌ವರ್ಡ್ ಬದಲಾವಣೆ.*
*ಆಗಬೇಕಾದ್ದು: ಮೂರೂ ಬರಹ ಇದ್ದ ಹಾಗೇ ಇರಬೇಕು.*

"ಒಂದೊಂದು ಸಾಲಿನ ಬೆನ್ನಿಗೂ ಒಂದು ಪ್ರೋಗ್ರಾಂ ತುಣುಕು ಇರುತ್ತೆ, ಕೂಮ. ಸಾಲು ಹೇಳಿದ್ದನ್ನ ಅದು ನಿಜವಾಗಿ ಮಾಡಿ ನೋಡುತ್ತೆ. ನಿಜವಾದರೆ ಹಸಿರು, ಸುಳ್ಳಾದರೆ ಕೆಂಪು."

"ಈಗ ಯಾವ ಬಣ್ಣ?"

ವೆಲಿಬೋರ್ ಗುಂಡಿ ಒತ್ತಿದ. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು.

"ಹಸಿರು, ಕೂಮ," ಎಂದಳು ಸವೇತಾ, ಕತ್ತು ಚಾಚಿ. "ಎಲ್ಲ ಹಸಿರು. ಬಸಳೆ ಮಡಿ ಇದ್ದ ಹಾಗಿದೆ."

"ಕಂಡಿರಾ?" ವೆಲಿಬೋರ್ ನೆರೆಯವರ ಕಡೆ ತಿರುಗಿದ. "ನಿಮ್ಮ ಹುಡುಗಿಗೆ ಕೆಂಪು ಕಂಡರೆ ಮಾತ್ರ ಸಂಬಳ ಜೀರ್ಣ ಆಗೋದು. ಊರಿಗೆಲ್ಲ ಸುಗ್ಗಿ ಆದರೆ ಇವಳಿಗೆ ಸೂತಕ."

ವಿಶ್ನ್ಯಾ ಪರದೆಯನ್ನೇ ನೋಡುತ್ತಿದ್ದಳು. ಪರೀಕ್ಷೆ ತೀರಾ ಬೇಗ ಮುಗಿದಿತ್ತು. ಬೀಗ ಹಾಕಿದ ಕಡತವನ್ನು ಮತ್ತೆ ತೆರೆದು ಓದುವುದು ನಿಧಾನದ ಕೆಲಸ. ಕಳ್ಳರಿಗೆ ಸುಲಭವಾಗದಿರಲೆಂದು ಹಾಗೆಯೇ ಕಟ್ಟಿದ್ದು. ಆಫೀಸಿನಲ್ಲಿ ಈ ಪರೀಕ್ಷೆ ಓಡುವಷ್ಟರಲ್ಲಿ ಅವಳು ಕಾಫಿ ಬಗ್ಗಿಸಿಕೊಂಡು ಬರುತ್ತಿದ್ದಳು. ಈಗ ಕೈಯಲ್ಲಿದ್ದ ಸೌಟು ಕೆಳಗಿಡುವುದರೊಳಗೆ ಎಲ್ಲ ಮುಗಿದಿತ್ತು. ಅಂದರೆ ಕಡತವನ್ನು ಯಾರೂ ತೆರೆದೇ ಇಲ್ಲ.

"ಅಮ್ಮ," ಎಂದಳು, "ಆಗಬೇಕಾದ್ದು ಅಂತ ಒಂದು ಸಾಲು ಹೇಳು. ಏನಾದರೂ ಸರಿ."

ಸವೇತಾಗೆ ಎರಡನೇ ಸಲ ಹೇಳಬೇಕಾಗಲಿಲ್ಲ. "ಈ ಯಪ್ಪ ಎದ್ದು ನನ್ನ ಪಾತ್ರೆ ತೊಳೆಯಬೇಕು."

"ಏನಿದು ಹುಡುಗಾಟ?" ಎಂದ ವೆಲಿಬೋರ್. ಅಷ್ಟರಲ್ಲಿ ಅವಳು ಬಗ್ಗಿ ಸಾಲು ಟೈಪ್ ಮಾಡಿ ಗುಂಡಿ ಒತ್ತಿದ್ದಳು.

"ಯಾವ ಬಣ್ಣ?" ಕೇಳಿದ ಸ್ರೆತೆನ್.

"ಹಸಿರು, ಕೂಮ! ಆದರೆ ಪಾತ್ರೆ ಅಲ್ಲೇ ಬಿದ್ದಿದೆ."

ಮೇಜು ಗೊಳ್ಳೆಂದಿತು. ಎದುರುಮನೆಯವನು ಪ್ಲಮ್ ಬ್ರಾಂದಿಯ ಮಳೆ ಸುರಿಯಬೇಕು ಎಂದ. ಅದೂ ಹಸಿರು. ವೆಲಿಬೋರ್ ಮುಖ ಇಂಗು ತಿಂದ ಮಂಗನಂತಾಗಿತ್ತು. ಆದರೂ ಬಾಯಿ ಸೋಲಲಿಲ್ಲ.

"ಅದು ತಾತ್ಕಾಲಿಕ ಏರ್ಪಾಡು. ಗೊತ್ತಿಲ್ಲದೋರ ಮುಂದೆ ನಾಟಕ ಆಡಬೇಡ."

"ಗೊತ್ತಿರೋರಿಗೆ ಹೇಳ್ತೀನಿ ಹಾಗಾದರೆ. 'ಆಗಬೇಕಾದ್ದು' ಅನ್ನೋ ಸಾಲುಗಳ ಹಿಂದಿನ ತುಣುಕುಗಳನ್ನೆಲ್ಲ ಕಿತ್ತುಹಾಕಿ, ಏನು ಬರೆದರೂ ಹೂಂ ಅನ್ನೋ ಒಂದು ತುಣುಕು ಇಟ್ಟಿದ್ದೀರಿ. ನೀವು ಸರಿಮಾಡಿದ್ದು ಪ್ರೋಗ್ರಾಂ ಅಲ್ಲ, ಪರೀಕ್ಷೆ."

"ಬಿಡುಗಡೆ ಆಗಲಿ, ಆಮೇಲೆ ರಿಪೇರಿ ಮಾಡ್ತೀನಿ. ವಿಯೆನ್ನಾದ ಗಿರಾಕಿ ಕಾಯ್ತಾ ಇದ್ದಾನೆ. ನಿನ್ನ ಒಪ್ಪಿಗೆ ಇಲ್ಲದೆ ಹೋದರೆ ನಾಳೆ ನಿರ್ದೇಶಕರ ಮುಂದೆ ಒಂದೇ ಮಾತು ಹೇಳ್ತೀನಿ: ಇವಳೋ ನಾನೋ. ಅವರು ಯಾರನ್ನ ಇಟ್ಕೊಳ್ತಾರೆ ಅಂತ ನಿನಗೇ ಗೊತ್ತು."

ಗೊತ್ತಿತ್ತು.

ಸ್ರೆತೆನ್ ಮೇಜಿನ ಅಂಚು ತಡವಿ ತನ್ನ ಲೋಟ ಹುಡುಕಿಕೊಂಡ; ಹಿಡಿದ, ಕುಡಿಯಲಿಲ್ಲ. "ನಂದೊಂದು ಸಾಲು ಹಾಕಮ್ಮ. 'ಸ್ರೆತೆನ್‌ನ ದಿನಚರಿಯಲ್ಲಿ ಎಲ್ಲ ಬರಹವೂ ಉಳಿದಿರಬೇಕು.'"

"ಹಸಿರು," ಎಂದಳು ಸವೇತಾ.

"ಇನ್ನೊಂದು. 'ಸ್ರೆತೆನ್‌ನ ದಿನಚರಿಯಲ್ಲಿ ಒಂದು ಬರಹವೂ ಉಳಿದಿರಬಾರದು.'"

"ಇದೂ ಹಸಿರೇ, ಕೂಮ," ಎಂದಳು ಸವೇತಾ. ಸ್ರೆತೆನ್ ಕುರುಡುಗಣ್ಣನ್ನು ವೆಲಿಬೋರನ ದನಿ ಬಂದ ಕಡೆಗೆ ತಿರುಗಿಸಿದ.

"ಯಜಮಾನರೇ, ನನ್ನ ಹೆಂಡತಿ ಸತ್ತ ದಿನ ಅದರಲ್ಲಿದೆ. ಆವತ್ತು ಅವಳು ಏನಂದಳು ಅಂತ ನನಗೆ ಈಗ ಪೂರ್ತಿ ನೆನಪಿಲ್ಲ. ಬೇಕಾದಾಗ ತೆಗೆಸಿ ಕೇಳ್ತೀನಿ. ಅದನ್ನ ಆಮೇಲೆ ಹೆಂಗೆ ರಿಪೇರಿ ಮಾಡ್ತೀರಿ?"

"ಅಜ್ಜಾ, ನೀವು ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕಿತ್ತು," ಎಂದ ವೆಲಿಬೋರ್. ವಿಶ್ನ್ಯಾಳ ಕಡೆ ಲ್ಯಾಪ್‌ಟಾಪ್ ದೂಡಿದ. ಪರದೆಯ ಮೇಲೆ ಒಪ್ಪಿಗೆಯ ಪುಟ ತೆರೆದಿತ್ತು. "ಹಾಕು. ಸಾಕು ನಾಟಕ."

ಅವಳು ಅಂಗೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒಪ್ಪಿಗೆಯ ಪುಟ ಮುಚ್ಚಿದಳು. ಪರೀಕ್ಷೆಯ ಹಿಂದಿನ ಪ್ರತಿಯನ್ನು ವಾಪಸು ತರುವ ಆಜ್ಞೆ ಕೊಟ್ಟಳು. ಅವನು ಕಿತ್ತುಹಾಕಿದ್ದ ತುಣುಕುಗಳು ತಮ್ಮ ಜಾಗಕ್ಕೆ ಬಂದವು. ಅದನ್ನು ಆಫೀಸಿನ ಸಂಗ್ರಹಕ್ಕೆ ಕಳಿಸಿದಳು. ಅಲ್ಲಿ ಒಂದು ಸಾಲು ಕೆಂಪಾಗಿದ್ದರೂ ಬಿಡುಗಡೆಯ ಬಾಗಿಲು ತಾನಾಗಿ ಹಾಕಿಕೊಳ್ಳುತ್ತದೆ. ಹಾಗೆ ಏರ್ಪಾಡು ಮಾಡಿದವನು ವೆಲಿಬೋರನೇ, ಒಳ್ಳೆಯ ದಿನಗಳಲ್ಲಿ.

"ನನ್ನ ಯಂತ್ರದ ಮೇಲೆ—" ಅವನು ಅರ್ಧ ಎದ್ದ.

"ನೀವೇ ಕೊಟ್ಟಿರಿ."

ಅವಳು ಪರೀಕ್ಷೆಯನ್ನು ಮತ್ತೆ ಓಡಿಸಿದಳು. ಈ ಸಲ ಸಾಲುಗಳು ನಿಧಾನವಾಗಿ ಇಳಿದವು. ಎದುರುಮನೆಯವನು ಲೋಟ ತುಂಬಿಸಿಕೊಂಡ, ಕುಡಿದ.

"ಕೆಂಪು, ಕೂಮ," ಎಂದಳು ಸವೇತಾ.

"ದೇವರು ದೊಡ್ಡವನು," ಎಂದು ಸ್ರೆತೆನ್ ಆಗ ಕುಡಿದ.

ವೆಲಿಬೋರ್ ಲ್ಯಾಪ್‌ಟಾಪ್ ಎಳೆದುಕೊಂಡು ಮುಚ್ಚಿದ. "ನಾಳೆ ಒಂಬತ್ತಕ್ಕೆ ನಿರ್ದೇಶಕರ ಕೋಣೆ. ನಿನ್ನ ಸಾಮಾನು ಕಟ್ಟೋಕೆ ಒಂದು ಡಬ್ಬಿ ತಗೊಂಡು ಬಾ."

"ಬರ್ತೀನಿ," ಎಂದಳು ವಿಶ್ನ್ಯಾ.

ಹೊರಗೆ ಹೋಗು ಎನ್ನುವಂತಿರಲಿಲ್ಲ. ಸಂತನ ದಿನ ಆ ಮಾತು ಮನೆಯಿಂದ ಹೊರಟರೆ ಮನೆಗೇ ಕೇಡು. ಅವನಿಗೂ ಅದು ಗೊತ್ತಿತ್ತು. ಹಾಗಾಗಿಯೇ ಎದ್ದವನು ಮತ್ತೆ ಕುಳಿತು, ಕರವಸ್ತ್ರ ತೊಡೆಯ ಮೇಲೆ ಹಾಸಿಕೊಂಡ. ಹುರಿದ ಹಂದಿಯ ವಾಸನೆ ಅಡುಗೆಮನೆಯಿಂದ ಬರುತ್ತಿತ್ತು.

ವಿಶ್ನ್ಯಾ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿದ್ದುದು ಮಾಂಸದ ಹರಿವಾಣವಲ್ಲ; ತಟ್ಟೆಯ ಮೇಲೆ ಒಂದೇ ಒಂದು ಪುಟ್ಟ ಬಟ್ಟಲು, ಕಪ್ಪು ಕಾಫಿ, ನೊರೆ ಇನ್ನೂ ಕುದಿಯುತ್ತಿತ್ತು.

ಈ ಕಾಫಿಯನ್ನು ಇಲ್ಲಿ ಊಟ, ಸಿಹಿ, ಹಾಡು ಎಲ್ಲ ಮುಗಿದ ಮೇಲೆ ತರುತ್ತಾರೆ. ಅದು ಬಂತೆಂದರೆ ನೆಂಟರು ಕೋಟು ಹುಡುಕುತ್ತಾರೆ. ಎದ್ದುಹೋಗುವ ಕಾಫಿ ಎಂದೇ ಅದಕ್ಕೆ ಹೆಸರು. ಮಾಂಸಕ್ಕೆ ಮೊದಲೇ, ಅದೂ ಒಬ್ಬನಿಗೇ ಬಂದದ್ದನ್ನು ಆ ಮೇಜಿನಲ್ಲಿ ಯಾರೂ ಕಂಡಿರಲಿಲ್ಲ.

ಅವಳು ಬಟ್ಟಲನ್ನು ವೆಲಿಬೋರನ ಮುಂದಿಟ್ಟಳು. ಹಿಡಿಯನ್ನು ಅವನ ಬಲಗೈ ಕಡೆ ತಿರುಗಿಸಿದಳು.

"ಮಾಂಸ ಇನ್ನೂ ಬಂದಿಲ್ವಲ್ಲ," ಎಂದ ಅವನು, ಸವೇತಾಳ ಕಡೆ ನೋಡಿ.

"ಅದು ಇರೋರಿಗೆ, ಮಗನೇ," ಎಂದಳು ಸವೇತಾ. "ಸಕ್ಕರೆ ಹಾಕಿಲ್ಲ. ಬೇಗ ಕುಡಿ, ಆರುತ್ತೆ."