ಹಿಂದಿನ ಗೋಡೆ

ಹಾರೆಯ ಮೂರನೇ ಏಟಿಗೆ ತಲೆಗಾತ್ರದ ಮಣ್ಣಿನ ಹೆಂಟೆಯೊಂದು ಕಳಚಿ ಕೋಣೆಯೊಳಕ್ಕೆ ಬಿತ್ತು. ಅದರ ಹಿಂದೆಯೇ ಗೋಡೆ ಕಿರುಚಿತು.

ಭೀಮರಾಜ್ ಹಾರೆ ಬಿಟ್ಟು ಹಿಂದಕ್ಕೆ ಸರಿದ. ಅವನ ಹಿಮ್ಮಡಿ ತಾಯಿಯ ಚಾಪೆಗೆ ತಾಗಿತು. ಬೆಳಗಿನ ಜಾವ ತೀರಿಕೊಂಡಿದ್ದ ಮುನಿಶಾಮಮ್ಮನನ್ನು ಅವಳು ದಿನಾ ಮಲಗುತ್ತಿದ್ದ ಜಾಗದಲ್ಲೇ, ಹಿಂದಿನ ಗೋಡೆಗೆ ಒತ್ತಿ ಮಲಗಿಸಿದ್ದರು.

"ಯಾಕೋ ನಿಲ್ಸಿದೆ?" ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಮುನಿಯಲ್ಲಪ್ಪ ಕೇಳಿದ.

"ಒಳಗೇನೋ ಐತೆ ದೊಡ್ಡಪ್ಪ."

ಹೆಂಗಸರ ಅಳು ನಿಂತಿತು. ಹಲ್ಲು ಕಡಿಯುವಂಥ ಒಂದೇ ಸಮನೆ ಕಿರ್ರೆನ್ನುವ ಸದ್ದು. ಹೆಣದ ತಲೆಯ ಹತ್ತಿರದಿಂದಲೇ ಬರುತ್ತಿತ್ತು.

ಧನಿಷ್ಠಾ ನಕ್ಷತ್ರದಲ್ಲಿ ಹೋದ ಜೀವ. ಹೆಣವನ್ನು ಬಾಗಿಲಿನಿಂದ ಒಯ್ಯಬಾರದು, ಗೋಡೆ ಒಡೆದು ಸಾಗಿಸಬೇಕು ಎಂದು ಪುರೋಹಿತರು ಫೋನಿನಲ್ಲಿ ಹೇಳಿದ್ದರು. ಹೋದವರಿಗೆ ವಾಪಸು ಬರುವ ದಾರಿ ಸಿಗದಂತೆ ಆ ಕಿಂಡಿಯನ್ನು ಹೊತ್ತು ಮುಳುಗುವುದರೊಳಗೆ ಮುಚ್ಚಬೇಕು. ಆಮೇಲೆ ಆರು ತಿಂಗಳು ಮನೆ ಖಾಲಿ ಬಿಡಬೇಕು. ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಮಣ್ಣಿನದಾಗಿ ಉಳಿದಿದ್ದದ್ದು ಹಿಂದಿನ ಗೋಡೆಯೊಂದೇ. ಒಡೆಯಲು ಸುಲಭವೆಂದು ಎಲ್ಲರೂ ಅದನ್ನೇ ತೋರಿಸಿದ್ದರು.

ಭೀಮರಾಜ್ ಮೊಬೈಲ್ ಟಾರ್ಚ್ ಹಚ್ಚಿದ. ಗೋಡೆಯ ಹೊಟ್ಟೆಯಲ್ಲಿ ಒಂದು ಪೊಳ್ಳು. ಮೀನಿನ ಮುಳ್ಳುಗಳ ಹಾಸಿನ ಮೇಲೆ ನಾಲ್ಕು ಮರಿಗಳು. ಕಣ್ಣು ತೆರೆದಿರಲಿಲ್ಲ. ನಾಲ್ಕೂ ಒಟ್ಟಿಗೆ ಕತ್ತು ತಿರುಗಿಸಿ ಅವನ ಕಡೆಗೆ ಬಾಯಿ ಬಿಟ್ಟವು.

"ಮಿಂಚುಳ್ಳಿ ಮರಿಗಳು," ಎಂದಳು ವರಲಕ್ಷ್ಮಮ್ಮ. ಮುನಿಶಾಮಮ್ಮನ ಜೊತೆ ಇಪ್ಪತ್ತು ವರ್ಷ ಗಾರೆ ಹೊತ್ತವಳು ಅವಳು. "ಮುಟ್ಬ್ಯಾಡ ಕಣಪ್ಪ. ನಿಮ್ಮವ್ವ ಯಾಕೆ ಈ ಗೋಡೆ ಉಳಿಸ್ಕೊಂಡ್ಲು ಅಂತ ನಂಗೊತ್ತು."

*

ಐದು ವರ್ಷದ ಹಿಂದೆ, ಕೆರೆಯ ತೂಬಿನಿಂದ ಸೊಪ್ಪಿನ ತೋಟಗಳಿಗೆ ಹೋಗುವ ಮಣ್ಣುಕಾಲುವೆಗೆ ಕಾಂಕ್ರೀಟ್ ಹಾಕುವ ಕೆಲಸ ಬಂತು. ನೀರು ದಾರಿಯಲ್ಲೇ ಇಂಗಿಹೋಗುತ್ತಿದ್ದದ್ದು ನಿಜ. ಮುನಿಶಾಮಮ್ಮನ ದಂಟಿನ ಮಡಿ ಕಾಲುವೆಯ ಕಟ್ಟಕಡೆಗಿತ್ತು. ಕೆಲಸ ಬಂದದ್ದಕ್ಕೆ ಅವಳಷ್ಟು ಖುಷಿಪಟ್ಟವರಿರಲಿಲ್ಲ; ಕೂಲಿಗೂ ಮೊದಲು ಅವಳೇ ಹೋದಳು.

ದಡದ ಮಣ್ಣಿನಲ್ಲಿ ಮೂರು ತೂತುಗಳಿದ್ದವು. ಮೇಸ್ತ್ರಿ ಕೈಚಾಚಿದ. ಅವಳು ಗಾರೆಯ ಬಾಣಲಿ ಕೊಟ್ಟಳು. ಮೂರೂ ಮುಚ್ಚಿಹೋದವು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎದುರಿನ ಹಲಗೆಯ ಮೇಲೆ ನೀಲಿ ಹಕ್ಕಿಗಳು ಕೂತಿದ್ದವು, ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು. ಅವು ಮೀನು ನುಂಗಲೂ ಇಲ್ಲ, ಹಾರಲೂ ಇಲ್ಲ.

"ಮೇಸ್ತ್ರೀ, ಒಳಗೆ ಕೂಗ್ತಾ ಅವೆ."

"ಸಿಮೆಂಟ್ ಸೆಟ್ ಆಗೋವಾಗ ಅಂಗೇ ಸದ್ದು ಬರ್ತದೆ ಕಣಮ್ಮ."

ಸದ್ದು ಮೂರು ದಿನ ಬಂತು. ನಾಲ್ಕನೆಯ ದಿನ ಸಿಮೆಂಟಿಗೆ ಕಿವಿಯಿಟ್ಟ ಮುನಿಶಾಮಮ್ಮ ಬಹಳ ಹೊತ್ತು ಏಳಲಿಲ್ಲ.

ಆ ಬೇಸಿಗೆ ಅವಳ ಮಡಿಗೆ ನೀರು ತುಂಬಿ ಬಂತು. ದಂಟು ಆಳುದ್ದ ಬೆಳೆಯಿತು. ಅದರಲ್ಲಿ ಒಂದು ಕಟ್ಟನ್ನೂ ಅವಳು ಮನೆಗೆ ತರಲಿಲ್ಲ.

ಅದಾಗಿ ಒಂದು ದಿನ ಭೀಮರಾಜ್ ಸ್ಕೂಲ್ ವ್ಯಾನ್ ನಿಲ್ಲಿಸಿ ಬಂದರೆ, ತಾಯಿ ಹಿತ್ತಲಲ್ಲಿ ನಿಂತು ಗೋಡೆಗೆ ಹೊರಗಿನಿಂದ ತೂತು ಕೊರೆಯುತ್ತಿದ್ದಳು.

"ತಲೆ ಕೆಟ್ಟಿದ್ಯಾ ಅವ್ವ? ಇದನ್ನ ಕೆಡವಿ ಇಟ್ಟಿಗೇಲಿ ಕಟ್ಟೋಣ ಅಂತಿದ್ರೆ..."

"ನಾನು ಮುಚ್ಚಿದ್ದು ಮೂರು. ಮೂರು ತೆಗೀತೀನಿ. ನಾನಿರೋಗಂಟ ಇದನ್ನ ಮುಟ್ಬ್ಯಾಡ."

ಎರಡು ವರ್ಷ ಏನೂ ಬರಲಿಲ್ಲ. ಅವಳು ಗೋಡೆಗೆ ಕಿವಿಯಿಟ್ಟೇ ಮಲಗುತ್ತಿದ್ದಳು. ಮೂರನೆಯ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಗನನ್ನು ಅಲುಗಾಡಿಸಿ ಎಬ್ಬಿಸಿ, ಮನೆಗೆ ನೆಂಟರು ಬಂದಿರುವಂತೆ ಪಿಸುಗುಟ್ಟಿದಳು: "ಬಂದವ್ರೆ." ಯಾರು ಎಂದೂ ಕೇಳದೆ ಅವನು ಮಗ್ಗುಲು ತಿರುಗಿ ಮಲಗಿಬಿಟ್ಟ.

*

"ಮರಿಗೋಸ್ಕರ ಎಣ ಇಟ್ಕೊಂಡು ಕೂರಕ್ಕಾಯ್ತದಾ?" ಎಂದ ಮುನಿಯಲ್ಲಪ್ಪ.

"ಇದೇ ಗೋಡೆ ಆಗ್ಬೇಕು ಅಂದ್ರಾ ಐನೋರು?" ಭೀಮರಾಜ್ ಕೇಳಿದ.

"ಬಾಗ್ಲು ಬ್ಯಾಡ ಅಂದ್ರು, ಅಷ್ಟೇಯ."

ಅವನು ಹಾರೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಜನವರಿಯಲ್ಲಷ್ಟೇ ಟೈಲ್ಸ್ ಹಾಕಿಸಿದ್ದ ಇಟ್ಟಿಗೆ ಗೋಡೆ. "ರೀ, ಟೈಲ್ಸು..." ಎಂದಳು ಅವನ ಹೆಂಡತಿ ಕಲಾವತಿ. ಆಮೇಲೆ ತಾನೇ ಪಾತ್ರೆಗಳನ್ನು ಈಚೆಗಿಡತೊಡಗಿದಳು. ಗೋಡೆ ಬಾಯಿಬಿಡಲು ಒಂದು ಗಂಟೆ ಹಿಡಿಯಿತು. ಮುನಿಶಾಮಮ್ಮನನ್ನು ಓರೆ ಮಾಡಿ ಅದರಿಂದ ಈಚೆಗೆ ತಂದರು. ಪಾದಗಳ ಮೇಲೆ ಬಿದ್ದ ಸಿಮೆಂಟಿನ ಧೂಳನ್ನು ವರಲಕ್ಷ್ಮಮ್ಮ ಸೆರಗಿನಿಂದ ಒರೆಸಿದಳು.

ಮಣ್ಣು ಮಾಡಿ ಬಂದಾಗ ಹೊತ್ತು ಇಳಿಯುತ್ತಿತ್ತು. ಭೀಮರಾಜ್ ಹಿತ್ತಲಿಗೆ ಹೋಗಿ ನೋಡಿದ. ಬೆಳಗಿನ ಏಟುಗಳಿಗೆ ಮಣ್ಣು ಕುಸಿದು, ಮರಿಗಳಿದ್ದ ತೂತಿನ ಹೊರಬಾಯಿ ಮುಚ್ಚಿಹೋಗಿತ್ತು. ಕೆದಕಲು ಹೋದರೆ ಉಳಿದ ಮಣ್ಣೂ ಅವುಗಳ ಮೇಲೆ ಬೀಳುತ್ತಿತ್ತು. ಕರೆಂಟ್ ತಂತಿಯ ಮೇಲೆ ಎರಡು ಮಿಂಚುಳ್ಳಿಗಳು ಕೂತಿದ್ದವು. ಗೂಡು ಈಗ ತೆರೆದಿದ್ದದ್ದು ಕೋಣೆಯ ಒಳಗಡೆಗೆ ಮಾತ್ರ; ಮನೆಗೆ ಬೀಗ ಬಿದ್ದರೆ ಅಲ್ಲಿಗೆ ಉಳಿಯುವ ದಾರಿ ಅಡುಗೆಮನೆಯ ಕಿಂಡಿಯೊಂದೇ.

ಅಡುಗೆಮನೆಯ ಕಿಂಡಿಯ ಮುಂದೆ ಮುನಿಯಲ್ಲಪ್ಪ ಗಾರೆ ಕಲಸಿಟ್ಟು, ಇಟ್ಟಿಗೆ ನೆನೆಸಿಕೊಂಡು ಕಾಯುತ್ತಿದ್ದ. ಬಾಣಲಿ ಎತ್ತಿ ಚಾಚಿದ.

"ತಗೋ, ಬೇಗ್ಬೇಗ ಮುಚ್ಚು. ಹೊತ್ತು ಮುಳುಗ್ತದೆ."

ಭೀಮರಾಜ್ ಬಾಣಲಿಯನ್ನು ನೋಡಿದ. ಕೈಚಾಚಲಿಲ್ಲ.

"ಬೇಡ ದೊಡ್ಡಪ್ಪ. ಇರ್ಲಿ."

"ಏನ್ ಮಾತು ಅಂತ ಆಡ್ತೀಯೋ! ದಾರಿ ಬಿಟ್ರೆ ಅವ್ಳು ವಾಪಸ್ ಬತ್ತಾಳೆ!"

"ಬರ್ಲಿ ಬಿಡಿ."

ಮುನಿಯಲ್ಲಪ್ಪ ಬಾಣಲಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಹೋದ. ಕಲಾವತಿ ಮುಂಬಾಗಿಲಿಗೆ ಬೀಗ ಹಾಕಿ, ಬಟ್ಟೆಗಂಟು ಎತ್ತಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ರಸ್ತೆಗೆ ಇಳಿದರು.

ತಂತಿಯ ಮೇಲಿನ ಹಕ್ಕಿಗಳಲ್ಲಿ ಒಂದು ಕೆಳಗೆ ಬಂತು. ಅದರ ಕೊಕ್ಕಿನಲ್ಲಿ ಕಾಲು ಬಡಿಯುವ ಕಪ್ಪೆಯಿತ್ತು. ಮುರಿದ ಟೈಲ್ಸಿನ ಅಂಚಿನಲ್ಲಿ ಒಂದು ಗಳಿಗೆ ಕೂತು, ರೆಕ್ಕೆ ಮಡಚಿಕೊಂಡು ಕತ್ತಲೆಯೊಳಕ್ಕೆ ಹೋಯಿತು. ಯಾರೂ ಇಲ್ಲದ ಮನೆಯೊಳಗಿಂದ ಕಪ್ಪೆಯ ಕೂಗು ಒಮ್ಮೆ ಕೇಳಿಸಿ, ಅರ್ಧಕ್ಕೆ ನಿಂತಿತು.