ಖಾರವಿಲ್ಲದ ಚೀನಾ ದೋಸೆ

ನನ್ನ ಗಂಡ ಉಣ್ಣಲು ಕೂತಾಗಲೆಲ್ಲ ಕಲ್ಕತ್ತಾದ ದೋಸೆಯ ಮಾತು ತೆಗೆಯುತ್ತಿದ್ದ. ಅವನು ಲಾರಿ ಡ್ರೈವರ್. ಯಮಕನಮರಡಿಯಲ್ಲಿ ಹೈವೇ ಪಕ್ಕದ ನಮ್ಮ ಮನೆಯಿಂದ ಹೊರಟನೆಂದರೆ ತಿಂಗಳುಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಕಲ್ಕತ್ತಾದಲ್ಲಿ ಚೀನೀ ಮಂದಿಯ ಓಣಿ ಇದೆಯಂತೆ. ಬೆಳಗಾಗುತ್ತಲೇ ಅಲ್ಲಿ ಹಂಚಿನ ಮೇಲೆ ಮೈದಾ ಹಿಟ್ಟು ಹುಯ್ದು, ಮೇಲೆ ತತ್ತಿ ಒಡೆದು, ಉಳ್ಳಾಗಡ್ಡಿ ತಪ್ಪಲು ಉದುರಿಸಿ, ಕರಿ ಸಾಸು ಸವರಿ ಮಡಚಿಕೊಡುತ್ತಾರಂತೆ. ನಾನು ಬಡಿದ ರೊಟ್ಟಿ ಕೈಯಲ್ಲಿ ಹಿಡಿದು ಈ ಪುರಾಣ! ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾರ್ ಮಾಡಿ ಕೊಡ್ತಾರ್ರಿ ಅದನ್ನ?" ಎಂದು ಒಮ್ಮೆ ಕೇಳಿದೆ.

"ಯಾರೋ ಹೋಟೆಲ್‌ನಾಂವ. ನನಗೇನ ಗೊತ್ತ?" ಎಂದ.

ಈ ಸಲ ಬಂದಾಗಿನಿಂದ ಅವನು ಕೂತಲ್ಲಿ ಕೂರಲಿಲ್ಲ. ಹೈವೇಯಲ್ಲಿ ಹಾರ್ನ್ ಕೇಳಿದರೆ ಬಾಗಿಲಿಗೆ ಹೋಗುವುದು, ಚಹಾ ಅರ್ಧಕ್ಕೇ ಬಿಟ್ಟು ಎಸ್‌ಟಿಡಿ ಬೂತಿಗೆ ಹೋಗುವುದು. ಯಾರಿಗೆ ಫೋನು ಎಂದರೆ ಲಾರಿ ಮಾಲಕರಿಗೆ ಎನ್ನುತ್ತಿದ್ದ. ಮಾಲಕರು ಅವನನ್ನೇ ಕೇಳಿದ್ದರಂತೆ: ಹುಬ್ಬಳ್ಳಿ ಲೈನಿಗೆ ಬರುತ್ತೀಯೋ, ಕಲ್ಕತ್ತಾ ಲೈನಿನಲ್ಲೇ ಇರುತ್ತೀಯೋ? ಹುಬ್ಬಳ್ಳಿಯಾದರೆ ದಿನಾ ಮನೆಗೆ ಬರಬಹುದು. ಮಂಗಳವಾರ ಹೇಳುತ್ತೇನೆ ಎಂದು ಬಂದಿದ್ದ. ನನಗೂ ಒಂದೆಡೆ ನಿಲ್ಲಲಾಗುತ್ತಿರಲಿಲ್ಲ. ಬಳಿದ ನೆಲವನ್ನೇ ಮತ್ತೆ ಬಳಿಯುತ್ತಿದ್ದೆ.

ಆ ಹಾಳು ದೋಸೆ ಮನೆಯಲ್ಲೇ ಸಿಕ್ಕರೆ ಅಷ್ಟು ದೂರ ಯಾಕೆ ಹೋಗುತ್ತಾನೆ? ನನ್ನ ಬುದ್ಧಿ ಓಡಿದ್ದು ಅಷ್ಟೇ. ಸಾಸಿನ ಬಾಟಲಿಯನ್ನು ಅವನೇ ಹಿಂದೊಮ್ಮೆ ತಂದಿದ್ದ. ಸೋಮವಾರ ನಮ್ಮಲ್ಲಿ ತತ್ತಿ ಮುಟ್ಟುವುದಿಲ್ಲ. ಹಾಗಾಗಿ ಮಂಗಳವಾರ ನಸುಕಿನಲ್ಲೇ ಎದ್ದು, ಅತ್ತೆ ಬುಟ್ಟಿಯಲ್ಲಿ ಕೂಡಿಟ್ಟಿದ್ದ ತತ್ತಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ತತ್ತಿ, ಮಾಂಸಕ್ಕೆ ಹಿತ್ತಲ ಒಲೆ, ಅಂಚು ಒಡೆದ ಬೇರೆ ಹಂಚು. ರೊಟ್ಟಿ ಹಂಚಿಗೆ ಅವು ತಾಗುವಂತಿಲ್ಲ.

ಅತ್ತೆ ಲಗಮವ್ವ ಬಂದು ಬುಟ್ಟಿ ನೋಡಿದಳು.

"ಕೋಳಿ ಬುಡಕ ಇಡಾಕ ಕೂಡಿಟ್ಟಿದ್ದೆ. ಈ ಮನ್ಯಾಗ ಕೋಳಿಗಾದ್ರೂ ಮರಿ ಆಗ್ಲಿ ಅಂತ."

ಮದುವೆಯಾಗಿ ವರ್ಷಗಳಾದರೂ ನನ್ನ ಮಡಿಲು ತುಂಬಿರಲಿಲ್ಲ. ಅದನ್ನು ಅವಳು ಯಾವ ಮಾತಿನಲ್ಲೂ ಬಿಡುತ್ತಿರಲಿಲ್ಲ. ನಾನು ಹಲ್ಲು ಕಚ್ಚಿ ಹಿಟ್ಟು ಹುಯ್ದೆ. ಅದು ಹಂಚಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಎಬ್ಬಿದರೆ ಚಿಂದಿಯಾಯಿತು.

ಬೇವಿನ ಕಡ್ಡಿ ಕಚ್ಚಿಕೊಂಡು ಬಂದ ಗಂಡ ನೋಡಿ ನಕ್ಕ.

"ಹಂಗಲ್ಲ ಅದು. ಹಿಟ್ಟು ದಪ್ಪ ಆಗೈತಿ. ಸರಿ ಅತ್ತಾಗ."

ಒಂದು ಲೋಟ ನೀರು ಸಹ ತಾನಾಗಿ ತೆಗೆದುಕೊಂಡು ಕುಡಿಯದವನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಹಿಟ್ಟಿಗೆ ನೀರು ಬೆರೆಸಿದ. ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಹಂಚಿಗೆ ತಿಕ್ಕಿದ. ಹಿಟ್ಟು ತೆಳ್ಳಗೆ ಹರಡಿ, ಒಂದೇ ಕೈಯಲ್ಲಿ ತತ್ತಿ ಒಡೆದು, ಚಮಚದ ಬೆನ್ನಿನಿಂದ ಸವರಿ, ತಪ್ಪಲು, ಹಸಿಮೆಣಸಿನಕಾಯಿ ಉದುರಿಸಿ ಹೊರಳಿಸಿ ಹಾಕಿದ. ಬಂದಾಗಿನಿಂದ ಅವನ ಮುಖ ಇಷ್ಟು ನೆಮ್ಮದಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಮೊದಲನೆಯದು ತನ್ನ ಅವ್ವನಿಗೆ, ಎರಡನೆಯದು ನನಗೆ. ರುಚಿ ಇತ್ತು, ಸುಳ್ಳೇಕೆ ಹೇಳಲಿ. ನನಗೆ ಖುಷಿಯೂ ಆಯಿತು. ಹುಬ್ಬಳ್ಳಿ ಲೈನೇ ಖರೆ ಅಂದುಕೊಂಡೆ.

"ಹೋಟೆಲ್‌ನಾಂವನ ನೋಡಿ ಕಲ್ತಿಯೇನೋ?" ಅತ್ತೆ ಕೇಳಿದಳು.

"ಹೂಂ," ಎಂದವನೇ ಮೂರನೆಯದು ಹುಯ್ದ. ಅಂಗೈಯಷ್ಟು ಸಣ್ಣದು. ಅದಕ್ಕೆ ಮೆಣಸಿನಕಾಯಿ ಹಾಕಲಿಲ್ಲ, ಸಾಸೂ ಇಲ್ಲ. ತಾಟಿನಲ್ಲಿಟ್ಟು ಚೂರು ಚೂರು ಹರಿದ. ಉಫ್ ಉಫ್ ಎಂದು ಊದಿದ. ಒಂದು ಚೂರನ್ನು ತನ್ನ ತುಟಿಗೆ ತಾಗಿಸಿ ಬಿಸಿ ನೋಡಿದ. ಆಮೇಲೆ ತಾಟನ್ನು ತನ್ನ ಎಡಗಡೆ, ನೆಲದ ಮೇಲೆ, ಆ ಕಡೆ ನೋಡದೆಯೇ ಸರಿಸಿದ. ಅಲ್ಲಿ ಯಾರೂ ಇರಲಿಲ್ಲ.

ಅವನ ಕೈ ಅಲ್ಲಿಯೇ ನಿಂತಿತು.

"ಯಾರಿಗ್ರಿ ಅದು?" ಎಂದೆ. ಹೋಟೆಲಿನವನು ಯಾರಿಗೂ ಊದಿ ಕೊಡುವುದಿಲ್ಲ.

ಅತ್ತೆ ಈಗ ಬಾಯಿ ಮಾಡುತ್ತಾಳೆ, ಮಗನ ಜನ್ಮ ಜಾಲಾಡುತ್ತಾಳೆ ಎಂದು ಕಾದೆ. ಎಷ್ಟೆಂದರೂ ನಾನು ಈ ಮನೆಗೆ ತಾಳಿ ಕಟ್ಟಿಸಿಕೊಂಡು ಬಂದವಳು. ಆದರೆ ಅವಳು ಆ ತಾಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಚೂರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಮಾಲಿಂಗಾ," ಎಂದು ಮಗನನ್ನು ಕರೆದಳು, "ಗಂಡೋ, ಹೆಣ್ಣೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಸೆ ಇತ್ತು.

"ಗಂಡು," ಎಂದ ಅವನು, ಬೆಂಕಿಯನ್ನೇ ನೋಡುತ್ತ.

ನಾನು ಚರಗಿಯ ನೀರನ್ನೆಲ್ಲ ಒಲೆಗೆ ಸುರಿದು ಎದ್ದೆ.