ತೂಬು ಎತ್ತಿದರೆ

ಬಾಣದ ಕೀ ಮೇಲೆ ಅವಳ ಬೆರಳು, ಉಗುರಿನ ತುದಿಯಲ್ಲಷ್ಟೇ ಉಳಿದ ಗೋರಂಟಿ ಬಣ್ಣ, ಒತ್ತುತ್ತಾಳೆ, ಪರದೆಯ ಮೇಲೆ ಎರಡು ಜಡೆಯ ಹುಡುಗಿ ಬೆಂಚಿನಿಂದ ಹಾರಿ ಕಿಟಕಿ ದಾಟಿ ಕೆರೆ ಏರಿಯ ಮೇಲೆ ಓಡುತ್ತಾಳೆ — ಚೌಕ ಚುಕ್ಕಿಗಳ ಹುಡುಗಿ, ಚಿಕ್ಕವನಿದ್ದಾಗ ಜಗಳೂರಿನ ಅಂಗಡಿಯಲ್ಲಿ ಆಡಿದ ವಿಡಿಯೋ ಗೇಮಿನ ಹಾಗೆಯೇ ಇರಲೆಂದು ಒಂದೊಂದೇ ಚುಕ್ಕಿ ಕೂತು ಇಟ್ಟಿದ್ದೇನೆ, ಅಷ್ಟು ನನ್ನದು, ಪ್ರೋಗ್ರಾಮ್ ನನ್ನದು, ಆದರೆ ತೀರ್ಪುಗಾರ ಮಲ್ಲಿಕಾರ್ಜುನಪ್ಪನವರು ಈಗಷ್ಟೇ ಕೇಳಿದ್ದು ಅದನ್ನಲ್ಲ, ಕಲ್ಪನೆ ಯಾರದ್ದು ಕೆಂಚೇಶ್ ಮೇಷ್ಟ್ರೇ ಅಂದರು, ನಂದೇ ಸಾರ್ ಅಂದೆ, ಎಷ್ಟು ಸಲೀಸಾಗಿ ಬಂತು, ಪಕ್ಕದಲ್ಲೇ ವನಜಾಕ್ಷಿ ಇದ್ದಳು, ಏಳನೇ ಕ್ಲಾಸಿನವಳು, ಆಟ ಆಡಿ ತೋರಿಸಲಿ ಎಂದು ಚನ್ನಗಿರಿಯ ಈ ಶಿಕ್ಷಕರ ವಸ್ತುಪ್ರದರ್ಶನಕ್ಕೆ ನಾನೇ ಬಸ್ಸಿನಲ್ಲಿ ಕರೆತಂದವಳು, ತಲೆ ಎತ್ತಲಿಲ್ಲ, ಎತ್ತಿ ನನ್ನನ್ನು ನೋಡಿದ್ದರೆ ಚೆನ್ನಾಗಿತ್ತು.

ವಿಜ್ಞಾನದ ಪಾಠದಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಏನವ್ವಾ ಹಗಲುಗನಸಾ, ನಮಗೂ ಸ್ವಲ್ಪ ತೋರ್ಸು ಎಂದು ರೇಗಿಸಿದೆ, ಮಕ್ಕಳು ನಕ್ಕರು, ಅವಳು ಹೇಳಿಯೇಬಿಟ್ಟಳು, ಸೂಳೆಕೆರೆ ತೂಬಿನತ್ರ ಒಂದು ಮೊಸಳೆ ಐತೆ ಸಾರ್, ಅದನ್ನ ಕೈವಾರದಾಗೆ ಚುಚ್ಚಿ ತೂಬು ಎತ್ತತೀನಿ, ಎತ್ತಿದ್ರೆ ಕೆರೆ ತಳದಾಗೆ ಒಬ್ರು ಕೂತಿರ್ತಾರೆ, ಕೆಂಪು ಟವಲ್ ಸುತ್ಕಂಡು, ಅವರನ್ನ ಕರ್ಕಂಡು ಮನೆಗೆ ಹೋಗ್ತೀನಿ — ಆಮೇಲೆ ದಿನವೂ ಕೇಳಿದೆ, ಮೊಸಳೆ ಎಷ್ಟು ಉದ್ದ, ಬಾಲದಲ್ಲಿ ಹೊಡೆಯುತ್ತದಾ, ಎಲ್ಲ ಕೇಳಿಕೊಂಡೆ, ಆ ಒಬ್ಬರು ಯಾರು ಎಂದು ಮಾತ್ರ ಕೇಳಲಿಲ್ಲ, ಆಟಕ್ಕೆ ಅದು ಬೇಕಿರಲಿಲ್ಲ.

ಈಗ ಮೊಸಳೆ ಸತ್ತಿತು, ತೂಬಿನ ಹಂತ, ನಿನ್ನೆಯಷ್ಟೇ ಮುಗಿಸಿದ್ದು, ಅವಳು ನೋಡುತ್ತಿರುವುದು ಇದೇ ಮೊದಲು, ತೂಬು ಎತ್ತುತ್ತಾಳೆ, ನೀರು ಏರುತ್ತದೆ, ಏರಿ ಏರಿ ಕೆಂಪು ಟವಲಿನವನನ್ನು ಮುಚ್ಚುತ್ತದೆ, ಮುಚ್ಚುವುದರೊಳಗೆ ಅವನನ್ನು ಮುಟ್ಟದಿದ್ದರೆ ಒಂದು ಜೀವ ಹೋಗುತ್ತದೆ, ಆಟಕ್ಕೆ ಬಿಗಿ ಬರಲೆಂದು ಹಾಗೆ ಮಾಡಿದ್ದೆ, ಟೊಂಯ್ ಎಂದಿತು, ಹೋಯಿತು. ಸಾರ್, ತೂಬು ಎತ್ತಿದ್ರೆ ನೀರು ಇಳೀಬೇಕಲ್ವಾ, ಅನ್ನುತ್ತಾಳೆ. ಇಳಿಯಬೇಕು, ಹೌದು, ಬಿಳಿಚೋಡಿನವನು ನಾನು, ಮಳೆ ನಂಬಿದ ನೆಲ, ತೂಬು ಎತ್ತಿದರು ಎಂದರೆ ನೀರು ಬಂತು ಎಂದೇ ಗದ್ದೆಯವರ ಬಾಯಲ್ಲಿ ಕೇಳಿದ್ದು, ಗದ್ದೆಗೆ ಬರುವ ನೀರು ಕೆರೆಯಿಂದಲೇ ಕಳೆಯಬೇಕು, ಬೋರ್ಡಿನ ಮೇಲೆ ನಾನೇ ಕಲಿಸುವ ಲೆಕ್ಕ, ಪ್ರೋಗ್ರಾಮಿನಲ್ಲಿ ಒಂದು ಋಣ ಚಿಹ್ನೆ ಬಿಟ್ಟಿದ್ದೇನೆ, ಅಷ್ಟೇ — ಮಲ್ಲಿಕಾರ್ಜುನಪ್ಪನವರು ನಗುತ್ತಾರೆ, ಏನವ್ವಾ, ಮೇಷ್ಟ್ರಿಗೇ ಪಾಠ ಮಾಡ್ತೀಯಾ, ಆ ಟವಲ್ಲಿನೋನಿಗೆ ಈಜಾಕೆ ಬರಲ್ವೇನು. ಬರ್ತಿತ್ತು ಸಾರ್, ಅವಳು ಮೆಲ್ಲಗೆ, ನಮ್ಮಪ್ಪಂಗೆ ಚೆನ್ನಾಗೇ ಬರ್ತಿತ್ತು, ಬಲೆ ಕಾಲಿಗೆ ಸುತ್ಕಂತು.

ಮಾರುತಿ, ಮೀನು ಹಿಡಿಯಲು ಹೋದ ಮಾರುತಿ, ಇವಳ ಅಪ್ಪ, ಹೋದ ವರ್ಷ, ಶಾಲೆಗೆ ರಜೆ ಕೊಟ್ಟು ಏರಿಯ ಮೇಲೆ ನಾನೂ ನಿಂತಿದ್ದೆನಲ್ಲ, ತೂಬು ಎತ್ತಿಸ್ರಪ್ಪಾ ಎಂದು ಇವಳ ಅಜ್ಜಿ ಬೊಮ್ಮಕ್ಕ ಎಲ್ಲರ ಕಾಲು ಹಿಡಿಯುತ್ತಿದ್ದಳು, ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಎಂದುಕೊಂಡಿದ್ದೆ, ಮುದುಕಿ ಕೇಳಿದ್ದು ಕೆರೆ ಇಳಿಸಿ ಅವನನ್ನು ಹುಡುಕಿ ಎಂದು, ಇವಳು ಕ್ಲಾಸಿನಲ್ಲಿ ಕೂತು ದಿನವೂ ಇಳಿಸುತ್ತಿದ್ದದ್ದೂ ಅದನ್ನೇ, ನಾನು ಅದನ್ನು ತೆಗೆದುಕೊಂಡು ತುಂಬಿಸಿದೆ, ಇವಳ ಕೈಯಿಂದಲೇ ತುಂಬಿಸುತ್ತಿದ್ದೇನೆ, ಹೇಳು, ಇದು ಇವಳದು ಸಾರ್ ಎಂದು ಹೇಳು, ವೈರು ಕೀಳು — ಎಷ್ಟು ಜೀವ ಉಳಿದಾವ್ರಿ ಮೇಷ್ಟ್ರೇ, ಅನ್ನುತ್ತಾರೆ ಅವರು ಪೆನ್ನಿನ ಕ್ಯಾಪು ತೆಗೆಯುತ್ತಾ, ನಾನು ಬಾಯಿ ತೆರೆಯುತ್ತೇನೆ, ಇನ್ನೂ ಒಂದು ಐತೆ ಸಾರ್, ಆಡವ್ವಾ, ಅದೇ ಬರುತ್ತದೆ, ಅದಷ್ಟೇ ಬರುತ್ತದೆ, ಮೇಷ್ಟ್ರು ಹೇಳಿದರು ಎಂದು ಅವಳು ಒತ್ತುತ್ತಾಳೆ, ತೂಬು ಏಳುತ್ತದೆ, ನೀಲಿ ಏರುತ್ತದೆ, ಕೆಂಪು ಟವಲು, ಟವಲಿನ ತುದಿ, ನೀಲಿಯ ಮೇಲೆ ಒಂದು ಕೆಂಪು ಚುಕ್ಕಿ